ಕುರ್ಚಿಗೆ ಹತ್ತಿದ ಎಣ್ಣೆ

ಫೆಬ್ರವರಿ ೯

ಇಸ್ತ್ರಿ ದೊರೆಗಳಿಗೆ,

ನಿಮ್ಮ ಸಾಸಿವೆ ಮಾಡುವ ನಮಸ್ಕಾರಗಳು. ನೀವು ಹಡಗು ಹತ್ತಿ ಇಂದಿಗೆ ಐವತ್ತೊಂದು ದಿನ. ಹೋದ ವಾರ ಫೋನಿನಲ್ಲಿ ಸಿಕ್ಕಿದ್ದು ಮೂರೇ ನಿಮಿಷ. ಅದರಲ್ಲಿ ಎರಡು ನಿಮಿಷ ನೀವು "ಕೇಳಿಸ್ತಾ, ಕೇಳಿಸ್ತಾ?" ಅಂದಿರಿ, ಒಂದು ನಿಮಿಷ ನಾನು "ಕೇಳಿಸ್ತು, ಹೇಳಿ" ಅಂದೆ. ಮುಗಿಯಿತು. ಕಾಗದವೇ ವಾಸಿ.

ಬಸ್ ನಿಲ್ದಾಣದಲ್ಲಿ ನನ್ನ ಟಿಕೆಟ್ ಕಿಟಕಿಗೆ ಹೊಸ ಗಾಜು ಹಾಕಿದ್ದಾರೆ. ಅದರ ತೂತು ಎಷ್ಟು ಕೆಳಗಿದೆಯೆಂದರೆ, ಬಂದವರೆಲ್ಲ ಬಗ್ಗಿ ಬಗ್ಗಿ ನನಗೆ ನಮಸ್ಕಾರ ಮಾಡಿದ ಹಾಗೆ ಕಾಣುತ್ತದೆ. ಹೊಸ ಕಂಟ್ರೋಲರ್ ಒಬ್ಬ ಬಂದಿದ್ದಾನೆ. ತಲೆಗೆ ಎಣ್ಣೆ ಸುರಿದುಕೊಂಡು ಬರುತ್ತಾನೆ, ಅವನ ಟೋಪಿ ಹಿಂಡಿದರೆ ಒಂದು ದೀಪ ಹಚ್ಚಬಹುದು.

ಒಂದು ಉಪಾಯ ಬೇಕಾಗಿತ್ತು. ನಿಮ್ಮ ಒರಗು ಕುರ್ಚಿಯಲ್ಲಿ ತಲೆ ಆನಿಸುವ ಜಾಗದಲ್ಲಿ ಎಣ್ಣೆಯ ಕಲೆಯಾಗಿದೆ, ಅಂಗೈಯಷ್ಟು ಅಗಲ. ಸೋಪು ಹಾಕಿ ಉಜ್ಜಿದೆ, ಹೋಗುವ ಬದಲು ಇನ್ನಷ್ಟು ಹರಡಿತು. ಅಂಗಡಿಯಲ್ಲಿ ಕಲೆಗೆಂದೇ ಒಂದು ಬಾಟಲಿ ಮಾರುತ್ತಾರೆ. ಬೆಲೆ ಕೇಳಿದ ಮೇಲೆ ಕಲೆಯೇ ಚೆಂದ ಅನಿಸಿತು. ಅಡುಗೆಮನೆಯಲ್ಲಿ ಇರುವುದರಲ್ಲೇ ಆಗುವಂಥದ್ದು ಏನಾದರೂ ಹೇಳಿ. ಹೇಗಾಯಿತು ಎಂದು ಕೇಳಬೇಡಿ. ಮನೆ ಅಂದಮೇಲೆ ಏನಾದರೂ ಆಗುತ್ತಲೇ ಇರುತ್ತದೆ.

ನಾನು ಚೆನ್ನಾಗಿದ್ದೇನೆ. ನಿದ್ದೆ ಅಷ್ಟಕ್ಕಷ್ಟೇ.

ನಿಮ್ಮ
ಸಾಸಿವೆ


ಫೆಬ್ರವರಿ ೨೬, ಹಡಗಿನಿಂದ

ಪ್ರೀತಿಯ ಸಾಸಿವೆ,

ನಿನ್ನ ಕಾಗದ ನಿನ್ನೆ ಬಂದರಿನಲ್ಲಿ ಸಿಕ್ಕಿತು. ನಮ್ಮ ಲಾಂಡ್ರಿ ಇರುವುದು ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಹೊತ್ತು ತಿಳಿಯುವುದು ಮೇಲಿನಿಂದ ಇಳಿದುಬರುವ ಬಟ್ಟೆಯಿಂದಲೇ. ಮೇಜುಬಟ್ಟೆಯ ಮೇಲೆ ಮೊಟ್ಟೆಯಿದ್ದರೆ ಬೆಳಗು, ಐಸ್‌ಕ್ರೀಮ್ ಇದ್ದರೆ ಮಧ್ಯಾಹ್ನ, ವೈನ್ ಇದ್ದರೆ ಸಂಜೆ. ಒಂದು ಪ್ರಯಾಣದಲ್ಲಿ ಜನ ಎಷ್ಟು ಚೆಲ್ಲುತ್ತಾರೆ ಅಂತೀಯ! ನಮ್ಮ ಹೊಟ್ಟೆಪಾಡು ಅವರ ಕೈ ನಡುಕದ ಮೇಲೆ ನಿಂತಿದೆ.

ಈಗ ನಿನ್ನ ಕುರ್ಚಿ. ಎಣ್ಣೆಗೆ ಮೊದಲೇ ನೀರು ಹಾಕಿದ್ದು ತಪ್ಪು. ಜೋಳದ ಹಿಟ್ಟೋ ಮೈದಾವೋ ಯಾವುದಿದೆಯೋ ಅದನ್ನು ಕಲೆಯ ಮೇಲೆ ದಪ್ಪಗೆ ಉದುರಿಸು. ಆರು ಗಂಟೆ ಬಿಡು, ಎಣ್ಣೆಯನ್ನು ಅದೇ ಹೀರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಟ್ಟನ್ನು ಕೊಡವು. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒತ್ತು. ಉಜ್ಜಬೇಡ. ಅಂಚಿನಿಂದ ನಡುವಿಗೆ ಒತ್ತುತ್ತ ಬಾ. ನಡುವಿನಿಂದ ಅಂಚಿಗೆ ಹೋದೆಯೋ, ಊರೆಲ್ಲ ಹಬ್ಬುತ್ತದೆ.

ಒಂದು ಮಾತು. ಮದುವೆಯಾದ ಒಂಬತ್ತು ವರ್ಷದಲ್ಲಿ ನೀನು ತಲೆಗೆ ಎಣ್ಣೆ ಹಚ್ಚಿದ್ದನ್ನು ನಾನು ನೋಡಿಲ್ಲ. ನಾನೂ ಹಚ್ಚುವವನಲ್ಲ. ಕುರ್ಚಿ ತಾನೇ ಹಚ್ಚಿಕೊಂಡಿತೇ?

ನಿನ್ನವ


ಮಾರ್ಚ್ ೧೧

ದೊರೆಗಳಿಗೆ,

ಕುರ್ಚಿ ಹೊಸದರ ಹಾಗಾಯಿತು. ನಿಮ್ಮ ಬಾಯಿಗೆ ಸಕ್ಕರೆ.

ಆದರೆ ಆ ಹಿಟ್ಟೇ ನನ್ನ ಮೇಲೆ ತಿರುಗಿಬಿದ್ದಿತು. ಹಾಸಿಗೆಯ ಹೊದಿಕೆಯ ಮೇಲೆ ಕಂದು ಬಣ್ಣದ ಒಂದು ಕಲೆಯಿತ್ತು, ಇನ್ನೂ ಒದ್ದೆ. ಇದೂ ಎಣ್ಣೆಯ ಜಾತಿಯದೇ ಇರಬೇಕೆಂದು ಮೈದಾ ಸುರಿದು ಕೆಲಸಕ್ಕೆ ಹೋದೆ. ಬಂದು ನೋಡುತ್ತೇನೆ, ಯಾರೋ ಶಾಯಿ ಕುಡಿಕೆಯನ್ನೇ ಮಗುಚಿದ ಹಾಗೆ ಕಡುನೀಲಿ! ಹೊದಿಕೆಯನ್ನು ಮಡಿಸಿ ಮಂಚದ ಕೆಳಗೆ ತಳ್ಳಿದ್ದೇನೆ. ಹಿಟ್ಟು ನೀಲಿಯಾಗುವುದುಂಟೇ?

ಇನ್ನೊಂದು, ರಕ್ತದ ಕಲೆ. ಬಿಸಿನೀರಿನಲ್ಲಿ ನೆನೆಹಾಕಿದ್ದೆ. ಹೋಗಲಿಲ್ಲ, ಕಂದಾಗಿ ಗಟ್ಟಿ ಕೂತಿದೆ.

ನೀವು ಬರುವುದು ಜೂನಿನಲ್ಲೋ ಜುಲೈಯಲ್ಲೋ? ತಾರೀಖು ಖಚಿತವಾದ ಕೂಡಲೇ ತಿಳಿಸಿ. ದಿಢೀರನೆ ಬಂದುಬಿಡಬೇಡಿ.

ನಿಮ್ಮ
ಸಾಸಿವೆ


ಮಾರ್ಚ್ ೨೫, ಹಡಗಿನಿಂದ

ಸಾಸಿವೆ,

ಹಿಟ್ಟು ನೀಲಿಯಾಗುವುದು ಒಂದಕ್ಕೇ, ಅಯೋಡಿನ್ನಿಗೆ. ಗಾಯಕ್ಕೆ ಹಚ್ಚುವ ಕಂದು ಔಷಧಿ. ಹಡಗಿನ ಆಸ್ಪತ್ರೆಯ ಬಟ್ಟೆಗಳಲ್ಲಿ ದಿನಾ ನೋಡುತ್ತೇನೆ. ಭೂತವೂ ಅಲ್ಲ, ಮಾಟವೂ ಅಲ್ಲ. ನಿಂಬೆಹಣ್ಣು ಹಿಂಡು, ಕಣ್ಣೆದುರಿಗೇ ನೀಲಿ ಮಾಯವಾಗುತ್ತದೆ. ಆಮೇಲೆ ಚೆನ್ನಾಗಿ ಜಾಲಾಡಿಸು.

ರಕ್ತಕ್ಕೆ ಬಿಸಿನೀರು ಎಂದೂ ಬೇಡ. ಮೊಟ್ಟೆ ಬೆಂದ ಹಾಗೆ ರಕ್ತವೂ ನೂಲಿನೊಳಗೆ ಬೆಂದು ಕೂರುತ್ತದೆ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ನೆನೆಹಾಕು, ನೀರು ಬದಲಿಸುತ್ತಿರು. ಬೆಂದುಹೋದ ಕಲೆಗೆ ಅಡುಗೆ ಸೋಡಾವನ್ನು ಗಟ್ಟಿಯಾಗಿ ಕಲಸಿ ಮೆತ್ತು. ಪೂರ್ತಿ ಹೋಗುತ್ತದೆಂಬ ಭರವಸೆ ಕೊಡಲಾರೆ. ಬ್ಲೀಚಿಂಗ್ ಪುಡಿಗೆ ಮಾತ್ರ ಕೈಹಾಕಬೇಡ. ಹಾಕಿದರೂ ಅದಕ್ಕೆ ವಿನೆಗರ್, ನಿಂಬೆ ಬೆರೆಸಬೇಡ. ವಿಷದ ಹೊಗೆ ಏಳುತ್ತದೆ, ಎದೆ ಹಿಡಿದುಕೊಳ್ಳುತ್ತದೆ.

ಇನ್ನು ನನ್ನ ಪ್ರಶ್ನೆ. ಗಾಯ ಯಾರಿಗೆ? ಔಷಧಿ ಹಾಸಿಗೆಗೆ ಇಳಿಯುವಷ್ಟು ದೊಡ್ಡ ಗಾಯ ನಿನಗಾಗಿದ್ದರೆ ನನಗೇಕೆ ಹೇಳಲಿಲ್ಲ? ಕುರ್ಚಿಯ ಎಣ್ಣೆಗೂ ನೀನು ಉತ್ತರ ಕೊಡಲಿಲ್ಲ. "ದಿಢೀರನೆ ಬರಬೇಡಿ" ಅಂದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೆಂದು ನನಗೇ ಲೆಕ್ಕವಿಲ್ಲ. ನಮ್ಮ ಮನೆಗೆ ನಾನು ಹೇಳಿ ಕಳಿಸಿ ಬರಬೇಕೇ?

ಬೇಗ ಬರೆ.


ಏಪ್ರಿಲ್ ೬

ದೊರೆಗಳಿಗೆ,

ಡಬ್ಬದ ತಗಡು ತಾಗಿ ನನ್ನ ಕಾಲು ಕೊಯ್ದಿತ್ತು, ಅಷ್ಟೇ. ಈಗ ವಾಸಿಯಾಗಿದೆ. ನೀವು ಸುಮ್ಮನೆ ಗಾಬರಿಯಾಗುತ್ತೀರೆಂದು ಬರೆದಿರಲಿಲ್ಲ. ನಿಂಬೆರಸ ಹಾಕಿದ ಕೂಡಲೇ ನೀಲಿ ಹೋದದ್ದನ್ನು ನೋಡಿ ಚಪ್ಪಾಳೆ ತಟ್ಟಿದೆ.

ನಿಲ್ದಾಣದಲ್ಲಿ ಕೆಲಸ ಜಾಸ್ತಿ. ಮಧ್ಯಾಹ್ನ ಅರ್ಧ ಗಂಟೆ ಮನೆಗೆ ಓಡಿ ಬರುತ್ತೇನೆ, ಮತ್ತೆ ಓಡುತ್ತೇನೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊನ್ನೆ ಒಬ್ಬರಿಗೆ ಹೋಗುವ ಟಿಕೆಟ್ಟಿನ ಬದಲು ಬರುವ ಟಿಕೆಟ್ ಕೊಟ್ಟು ಬೈಸಿಕೊಂಡೆ.

ಒಂದು ಸಣ್ಣ ತೊಂದರೆ. ಕರವಸ್ತ್ರಗಳ ಮೇಲೂ ಒಂದು ದಿಂಬಿನ ಚೀಲದ ಮೇಲೂ ಕಂದು ಕಲೆಗಳಿವೆ. ಚಹಾದ ಬಣ್ಣ, ಆದರೆ ಚಹಾ ಅಲ್ಲ. ಉಪ್ಪಿಗೂ ಜಗ್ಗಲಿಲ್ಲ, ನಿಂಬೆಗೂ ಜಗ್ಗಲಿಲ್ಲ. ಬಕೆಟ್ಟಿಗೆ ಬಗ್ಗಿದರೆ ಸೀನು ಬರುತ್ತದೆ, ನಿನ್ನೆ ಏಳು ಸಲ ಸೀನಿದೆ. ಏನು ಮಾಡಲಿ?

ನಿಮ್ಮ
ಸಾಸಿವೆ


ಏಪ್ರಿಲ್ ೧೨, ಹಡಗಿನಿಂದ

ಮೂರು ಬಂದರು ಕಳೆದವು, ನಿನ್ನ ಕಾಗದವಿಲ್ಲ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಬಟ್ಟೆ ಮಾತಾಡುತ್ತದೆ, ಹದಿಮೂರು ವರ್ಷದಿಂದ ಅದರ ಮಾತು ಕೇಳುವುದೇ ನನ್ನ ಕೆಲಸ. ನನ್ನ ಕುರ್ಚಿಯಲ್ಲಿ ಎಣ್ಣೆ ಹಚ್ಚಿದ ತಲೆಯೊಂದು ಒರಗಿದೆ. ಒಂದು ಸಲವಲ್ಲ, ಅಂಗೈಯಗಲ ಕಲೆಯಾಗುವಷ್ಟು ದಿನ. ತಲೆಗೆ ಎಣ್ಣೆ ಸುರಿದುಕೊಂಡು ಬರುವವನು ಯಾರೆಂದು ನೀನೇ ಬರೆದಿದ್ದೀಯ, ಟೋಪಿ ಹಿಂಡಿದರೆ ದೀಪ ಹಚ್ಚಬಹುದೆಂದು. ಆಗ ಓದಿ ನಕ್ಕಿದ್ದೆ. ಈಗ ಇಸ್ತ್ರಿ ಯಂತ್ರದ ಮುಂದೆ ನಿಂತು ಅದೇ ಸಾಲು ನೆನಪಾಗಿ, ಒಂದು ಮೇಜುಬಟ್ಟೆ ಸುಟ್ಟೆ.

ಆ ಕಂಟ್ರೋಲರ್ ನಮ್ಮ ಮನೆಗೆ ಬರುತ್ತಾನೋ ಇಲ್ಲವೋ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ. ಹೆಚ್ಚಿಗೆ ಏನೂ ಬೇಡ.


ಏಪ್ರಿಲ್ ೨೧, ಹಡಗಿನಿಂದ

ನಿನ್ನ ಆರನೇ ತಾರೀಖಿನ ಕಾಗದ ಇವತ್ತು ಸಿಕ್ಕಿತು. ನನ್ನ ಹಿಂದಿನ ಕಾಗದ ನಿನಗೆ ತಲುಪಿಲ್ಲದಿದ್ದರೆ ತಲುಪದೇ ಹೋಗಲಿ. ತಲುಪಿದ್ದರೆ ಒಲೆಗೆ ಹಾಕು. ಆ ಕಾಗದದಲ್ಲಿ ನಾನು ಮನುಷ್ಯನಾಗಿರಲಿಲ್ಲ.

ಆ ಕಂದು ಕಲೆ ನಶ್ಯದ್ದು. ನಶ್ಯ ಏರಿಸಿ, ಮೂಗು ಒರೆಸಿ, ಅದೇ ಕರವಸ್ತ್ರವನ್ನು ದಿಂಬಿನ ಮೇಲೆ ಹಾಸಿಕೊಂಡು ಮಲಗುವವನನ್ನು ಈ ಲೋಕದಲ್ಲಿ ಒಬ್ಬನನ್ನೇ ನಾನು ಬಲ್ಲೆ. ಚಿಕ್ಕವನಿದ್ದಾಗ ಆ ಕರವಸ್ತ್ರಗಳನ್ನು ನಮ್ಮಮ್ಮ ಒಗೆಯುತ್ತಿದ್ದಳು. ಒಗೆಯುವಾಗೆಲ್ಲ ಸೀನುತ್ತಿದ್ದಳು.

ಅವನು ನಮ್ಮ ಮನೆಯಲ್ಲಿದ್ದಾನೆ, ಅಲ್ಲವೇ?

ಎಂದಿನಿಂದ? ಯಾರನ್ನು ಕೇಳಿ? ಅವನ ಮುಖ ನೋಡುವುದಿಲ್ಲವೆಂದು ನಾನು ಹೇಳಿದ್ದು ನಿನಗೆ ಗೊತ್ತು. ಮದುವೆಗೆ ಮುಂಚೆ ನಿನಗೆ ಹೇಳಿದ್ದೇ ಆ ಒಂದು ಮಾತು. ಜೂನ್ ಕೊನೆಗೆ ನಾನು ಬರುತ್ತೇನೆ. ಅಷ್ಟರೊಳಗೆ ಅವನು ಹೊರಟಿರಲಿ.

ಕಲೆ ಹೋಗಲು ಉಪಾಯವನ್ನು ನಾನು ಹೇಳುವುದಿಲ್ಲ.


ಮೇ ೪

ನಿಮ್ಮ ಎರಡೂ ಕಾಗದಗಳು ಒಂದೇ ದಿನ ಬಂದವು. ಅಂಚೆಯವನು ನಗುತ್ತಾ "ಯಜಮಾನ್ರಿಗೆ ಭಾರಿ ಪ್ರೀತಿ ಕಣಮ್ಮ" ಅಂದ. ನಾನೂ ನಕ್ಕೆ. ಒಳಗೆ ಹೋಗಿ ಓದಿದೆ.

ಮೊದಲು ಮೊದಲನೆಯದಕ್ಕೆ ಉತ್ತರ. ಇಲ್ಲ. ಆ ಕಂಟ್ರೋಲರ್‌ಗೆ ಮೂವರು ಹೆಣ್ಣುಮಕ್ಕಳು, ಹೊಟ್ಟೆಹುಣ್ಣು, ಮೇಲೆ ಹೆಂಡತಿಯ ಹೆದರಿಕೆ. ಒಲೆಗೆ ಹಾಕು ಅಂದಿರಿ. ಹಾಕಲಿಲ್ಲ, ಇಟ್ಟುಕೊಂಡಿದ್ದೇನೆ. ನೀವು ಬಂದ ಮೇಲೆ ಎದುರು ಕೂರಿಸಿ ನಿಮ್ಮಿಂದಲೇ ಓದಿಸುತ್ತೇನೆ.

ಎರಡನೆಯದಕ್ಕೆ ಉತ್ತರ, ಹೌದು. ಮಾವ ನಮ್ಮ ಮನೆಯಲ್ಲಿದ್ದಾರೆ. ಜನವರಿ ಕೊನೆಯ ವಾರದಿಂದ.

ಮೂರು ದಿನ ಒಬ್ಬ ಮುದುಕರು ನನ್ನ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತಿದ್ದರು. ಯಾವ ಬಸ್ಸನ್ನೂ ಹತ್ತಲಿಲ್ಲ. ನಾಲ್ಕನೇ ದಿನ ಸಾಲಿನಲ್ಲಿ ಬಂದು ನಿಂತರು. "ಯಾವ ಊರಿಗೆ?" ಅಂದೆ. "ಯಾವ ಊರಿಗೂ ಬೇಡ ತಾಯಿ. ನೀನು ಹೇಗಿದ್ದೀಯ ನೋಡೋಣ ಅಂತ ಬಂದೆ" ಅಂದರು. ಇದೇನು ಗ್ರಹಚಾರವಪ್ಪಾ ಅಂದುಕೊಂಡೆ. ಆಮೇಲೆ ಅವರ ಕಿವಿ ನೋಡಿದೆ. ರೀ, ಸಾಕ್ಷಾತ್ ನಿಮ್ಮ ಕಿವಿ, ಮೇಲಿನ ಅಂಚು ಮಡಿಸಿದ್ದು ಸಹ. ಇನ್ನೇನನ್ನೂ ಕೇಳಬೇಕಾಗಲಿಲ್ಲ.

ಅವರಿದ್ದ ಡ್ರೈವರುಗಳ ವಸತಿಗೃಹವನ್ನು ಕೆಡವಿದರಂತೆ. ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಆರದ ಹುಣ್ಣು. ಹಾಸಿಗೆಯ ಅಯೋಡಿನ್, ಕುರ್ಚಿಯ ಎಣ್ಣೆ, ಎರಡೂ ಅವರದೇ. ನೀವು ಊರಲ್ಲಿಲ್ಲ ಎಂದು ಯಾರಿಂದಲೋ ತಿಳಿದುಕೊಂಡೇ ಬಂದಿದ್ದರು. "ಅವನಿಲ್ಲದಾಗ ನಾಲ್ಕು ದಿನ ಇದ್ದು ಹೋಗ್ತೀನಿ, ಅವನಿಗೆ ಹೇಳಬೇಡ" ಅಂದರು. ನಾಲ್ಕು ದಿನ ನೂರಾಯಿತು. ಹೇಳಬೇಡ ಎಂದದ್ದು ಅವರು, ಹೇಳದೆ ಉಳಿದದ್ದು ನಾನು. ನನ್ನ ಕಾಲು ಕೊಯ್ದದ್ದು ಸುಳ್ಳು. ತಪ್ಪು ನನ್ನದೇ, ಅದನ್ನು ಅವರ ತಲೆಗೆ ಕಟ್ಟಬೇಡಿ.

ಒಂದು ದಿನ ಪಟ್ಟಿ ಬದಲಿಸುತ್ತಾ ಕೇಳಿಯೇಬಿಟ್ಟೆ: "ಮಾವ, ಅತ್ತೆ ಸಾಯೋವಾಗ ಯಾಕೆ ಹೋಗಲಿಲ್ಲ?" ಡ್ಯೂಟಿ ಇತ್ತು, ಬಸ್ ಕೆಟ್ಟಿತ್ತು ಎಂದು ಏನಾದರೂ ಹೇಳುತ್ತಾರೆಂದು ಕಾದೆ. "ಹೆದರಿಕೆ ಆಯ್ತು ಮಗಳೇ" ಅಂದರು. "ಡ್ಯೂಟಿ ನಾನೇ ಕೇಳಿ ಹಾಕಿಸ್ಕೊಂಡೆ. ಅವಳು ಹೋಗೋದನ್ನ ನೋಡೋ ಧೈರ್ಯ ನನಗಿರಲಿಲ್ಲ. ಅರವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸೋನು ನಾನು. ಆಸ್ಪತ್ರೆ ಮೆಟ್ಟಿಲು ಹತ್ತಲಾರದೆ ಹೋದೆ." ಕ್ಷಮೆ ಕೇಳಲಿಲ್ಲ, ಅಳಲಿಲ್ಲ. ನಶ್ಯದ ಡಬ್ಬಿ ತೆಗೆದರು, ಏರಿಸದೆ ಮತ್ತೆ ಮುಚ್ಚಿಟ್ಟರು.

ನೀವು ಕಳಿಸು ಅಂದಿರಿ. ಕಳಿಸುವುದಿಲ್ಲ. ಕಾಲು ನೆಲಕ್ಕೆ ಸರಿಯಾಗಿ ಊರಲಾಗದವರನ್ನು ಯಾವ ಬಾಗಿಲಿನಿಂದ ಕಳಿಸಲಿ, ನೀವೇ ಹೇಳಿ.

ಸಾಸಿವೆ


ಮೇ ೧೬, ಹಡಗಿನಿಂದ

ನಿನ್ನ ಮೇಲೆ ಅನುಮಾನಪಟ್ಟದ್ದಕ್ಕೆ ನೀನು ಏನು ಶಿಕ್ಷೆ ಕೊಟ್ಟರೂ ಸರಿ. ಆ ಕಾಗದವನ್ನು ನಾನೇ ಓದುತ್ತೇನೆ, ತಲೆ ತಗ್ಗಿಸಿ.

ಆದರೆ ಇದು ಬೇರೆ.

ಹೆದರಿಕೆಯಂತೆ. ನನಗಾಗ ಹತ್ತೊಂಬತ್ತು ವರ್ಷ. ನನಗೆ ಹೆದರಿಕೆ ಇರಲಿಲ್ಲವೇ? ಆ ವಾರ್ಡಿನಲ್ಲಿ ಹನ್ನೊಂದು ದಿನ ನಾನೊಬ್ಬನೇ ಇದ್ದೆ. ಅಮ್ಮನ ಬಾಯಿಗೆ ಚಮಚದಲ್ಲಿ ನೀರು ಹಾಕುವುದನ್ನು ಕಲಿತೆ. ಹಾಸಿಗೆ ಒದ್ದೆಯಾದಾಗ ಹೊರಳಿಸುವುದನ್ನು ಆಯಾ ತೋರಿಸಿಕೊಟ್ಟಳು. ಹೊದಿಕೆಗಳನ್ನು ಹಿತ್ತಲಿನ ನಲ್ಲಿಯಲ್ಲಿ ನಾನೇ ಒಗೆದು ಹಾಕುತ್ತಿದ್ದೆ. ನಾನು ಬಟ್ಟೆ ಒಗೆಯಲು ಕಲಿತದ್ದು ಅಲ್ಲಿ, ನಿನಗೆ ಇದುವರೆಗೆ ಹೇಳಿಲ್ಲ. ಅಮ್ಮ ಮಾತು ನಿಲ್ಲಿಸಿದ ಮೇಲೂ ಬಾಗಿಲನ್ನು ನೋಡುತ್ತಿದ್ದಳು. ಒಂದು ಸಲ ಯಾರೋ ಖಾಕಿ ಅಂಗಿಯವನು ಬಂದಾಗ ಎದ್ದು ಕೂರಲು ಹೋದಳು. ಪಕ್ಕದ ಹಾಸಿಗೆಯವರ ಕಡೆಯವನು. ನಾಚಿಕೆಯಾದವಳ ಹಾಗೆ ಮತ್ತೆ ಮಲಗಿದಳು. ಆ ಮುಖವನ್ನು ಯಾವ ಸೋಡಾ, ಯಾವ ಉಪ್ಪು ತೊಳೆಯುತ್ತದೆ?

ಮಣ್ಣು ಮಾಡಿ ಬಂದ ಮೂರನೇ ದಿನ ಅವನು ಬಂದ. ಕೈಯಲ್ಲಿ ಹಣ್ಣಿನ ಚೀಲ.

ಅವನು ಆ ಮನೆಯಲ್ಲಿದ್ದರೆ ನಾನು ಬರುವುದಿಲ್ಲ. ಈ ಹಡಗಿನಿಂದ ಇಳಿದು ಇನ್ನೊಂದು ಹಡಗು ಹತ್ತುತ್ತೇನೆ. ಅವನೋ ನಾನೋ, ನೀನೇ ನಿರ್ಧಾರ ಮಾಡು.


ಜೂನ್ ೪

ನಾನು ನಿರ್ಧಾರ ಮಾಡುವ ಮುಂಚೆ ಅವರೇ ಮಾಡಿದರು.

ನಿಮ್ಮ ಕಾಗದ ಬಂದ ದಿನ ನಾನು ನಿಲ್ದಾಣದಲ್ಲಿದ್ದೆ. ಅವರೇ ತೆಗೆದುಕೊಂಡಿದ್ದಾರೆ, ಒಡೆದು ಓದಿದ್ದಾರೆ. ಸಂಜೆ ಮನೆಗೆ ಬಂದಾಗ ಕಾಗದ ಮೇಜಿನ ಮೇಲಿತ್ತು, ಹಾಸಿಗೆ ಮಡಿಸಿತ್ತು. ದಿಂಬಿನ ಚೀಲವನ್ನು ಒಗೆದು ಹಗ್ಗದ ಮೇಲೆ ಹಾಕಿದ್ದರು, ಸರಿಯಾಗಿ ಹಿಂಡದೆ ನೀರು ತೊಟ್ಟಿಕ್ಕುತ್ತಿತ್ತು. ಕಾಗದದ ಹಿಂಬದಿಯಲ್ಲಿ ಬರೆದಿದ್ದರು: "ಅವನು ಬರೆದಿರುವುದರಲ್ಲಿ ಸುಳ್ಳು ಒಂದೂ ಇಲ್ಲ. ಅವನು ಮನೆಗೆ ಬರಲಿ."

ಎರಡು ದಿನ ಹುಡುಕಿದೆ. ನೀವು ಅನುಮಾನಪಟ್ಟಿರಲ್ಲ, ಆ ಕಂಟ್ರೋಲರೇ ಪ್ರತಿ ಡಿಪೋಗೆ ಫೋನು ಮಾಡಿದ. "ಅಕ್ಕಾ, ಹಳೇ ಡ್ರೈವರು ಹೋದ್ರೆ ಎಲ್ಲಿಗೆ ಹೋಗ್ತಾನೆ? ಬಸ್ ಇದ್ದಲ್ಲಿಗೇ ಹೋಗ್ತಾನೆ" ಅಂದ. ಅವನ ಮಾತು ನಿಜವಾಯಿತು. ಐದು ಊರು ಆಚೆಯ ಡಿಪೋದಲ್ಲಿ, ಕೆಟ್ಟು ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ ಜ್ವರ ಬಂದು ಮಲಗಿದ್ದರು. ಬೂಟು ಬಿಚ್ಚಿದೆ. ಅದರ ವಾಸನೆಯನ್ನು ನಾನು ಬರೆಯುವುದಿಲ್ಲ. ಕಾಲ್ಬೆರಳುಗಳು ಕಪ್ಪಾಗಿದ್ದವು.

ಈಗ ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ, ಎರಡನೇ ಮಹಡಿ. ಸಕ್ಕರೆ ಮತ್ತು ಜ್ವರ ಹತೋಟಿಗೆ ಬಂದ ಮೇಲೆ, ಹದಿಮೂರನೇ ತಾರೀಖು, ಪಾದದ ಅರ್ಧ ತೆಗೆಯುತ್ತಾರೆ. ವಯಸ್ಸಾಗಿದೆ, ಹೃದಯ ತಡೆದುಕೊಳ್ಳುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. "ಮಗ ಇದ್ದಾನಾ?" ಎಂದು ಕೇಳಿದರು. "ಸಮುದ್ರದ ಮೇಲಿದ್ದಾರೆ" ಅಂದೆ.

ನಿಮ್ಮ ಆಫೀಸಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಆ ಮೂರು ನಿಮಿಷದಲ್ಲಿ ನೀವು "ಬರಲ್ಲ" ಅಂದುಬಿಟ್ಟರೆ, ಆ ದನಿ ಸಾಯುವತನಕ ನನ್ನ ಕಿವಿಯಲ್ಲಿ ಇರುತ್ತದೆ. ಕಾಗದಕ್ಕೆ ದನಿಯಿಲ್ಲ. ಹದಿಮೂರರೊಳಗೆ ಇದು ನಿಮಗೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಬನ್ನಿ ಎಂದು ನಾನು ಕರೆಯುವುದಿಲ್ಲ. ಅತ್ತೆಯ ವಿಷಯ ಓದಿ ಅತ್ತುಬಿಟ್ಟೆ. ನಿಮ್ಮ ಸಿಟ್ಟು ಸುಳ್ಳಲ್ಲ, ಅವರ ಕಾಲೂ ಸುಳ್ಳಲ್ಲ. ಎರಡರ ನಡುವೆ ಓಡಾಡಿ ನನಗೆ ಸಾಕಾಗಿದೆ. ತಿಳಿಸಬೇಕಾದದ್ದು ನನ್ನ ಕೆಲಸ, ತಿಳಿಸಿದ್ದೇನೆ.

ಸಾಸಿವೆ


ಜೂನ್ ೧೫, ಬೆಳಿಗ್ಗೆ ಹತ್ತೂವರೆ
ಆಸ್ಪತ್ರೆಯ ಕ್ಯಾಂಟೀನಿನಿಂದ

ಸಾಸಿವೆ,

ನಾನು ಕೆಳಗೇ ಇದ್ದೇನೆ. ಹನ್ನೊಂದನೇ ತಾರೀಖು ಬಂದರಿನಲ್ಲಿ ನಿನ್ನ ಕಾಗದ ಸಿಕ್ಕಿತು, ಹಾಗೇ ಇಳಿದು ಬಂದೆ. ಬಟ್ಟೆ ಬದಲಿಸಲೂ ಇಲ್ಲ, ಹಡಗಿನ ಬಿಳಿ ಅಂಗಿಯಲ್ಲೇ ಇದ್ದೇನೆ. ಎರಡು ರೈಲು, ಒಂದು ಬಸ್ಸು. ಆಪರೇಷನ್ ಆಯಿತು, ಉಸಿರಾಡುತ್ತಿದ್ದಾರೆ ಎಂದು ಕೆಳಗಿನ ಕೌಂಟರಿನಲ್ಲಿ ಹೇಳಿದರು.

ಬೆಳಿಗ್ಗೆ ಏಳರಿಂದ ಇಲ್ಲಿ ಕೂತಿದ್ದೇನೆ. ನಾಲ್ಕು ಚಹಾ ಕುಡಿದೆ. ಮೂರು ಸಲ ಮೆಟ್ಟಿಲವರೆಗೆ ಹೋದೆ. ಒಂದು ಸಲ ಮೊದಲ ಮಹಡಿಯವರೆಗೂ ಹೋಗಿ ವಾಪಸ್ಸು ಬಂದೆ. ಆ ಔಷಧಿಯ ವಾಸನೆಗೆ ಕಾಲು ಬರುವುದಿಲ್ಲ ಕಣೇ. ಅವನನ್ನು ನೋಡಿದರೆ ಏನಂದುಬಿಡುತ್ತೇನೋ, ಇಲ್ಲ ಏನೂ ಅನ್ನಲಾರದೆ ನಿಂತುಬಿಡುತ್ತೇನೋ. ಯಾವುದಕ್ಕೆ ಹೆದರುತ್ತಿದ್ದೇನೆಂದು ನನಗೇ ತಿಳಿಯದು.

ನೀನು ಒಂದು ಸಲ ಕೆಳಗೆ ಬಾ. ನಿನ್ನ ಜೊತೆ ಹತ್ತುತ್ತೇನೆ. ಈ ಚೀಟಿಯನ್ನು ಆಯಾ ಹತ್ತಿರ ಕೊಟ್ಟು ಕಳಿಸುತ್ತಿದ್ದೇನೆ.


(ಅದೇ ಚೀಟಿಯ ಹಿಂಬದಿಯಲ್ಲಿ)

ಬಂದಿರಾ! ನಿಮ್ಮ ಚೀಟಿಯನ್ನು ಎರಡೆರಡು ಸಲ ಓದಿದೆ.

ಆದರೆ ಕೆಳಗೆ ಬರುವುದಿಲ್ಲ. ನನ್ನ ಕೈ ಹಿಡಿದು ಹತ್ತಿದರೆ ನನಗಾಗಿ ಹತ್ತಿದ ಹಾಗಾಗುತ್ತದೆ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿ ಮಲಗುತ್ತೇನೆ. ಈ ಚೀಟಿ ನಿಮ್ಮ ಕೈ ಸೇರುವಾಗ ಅವರ ಹತ್ತಿರ ಯಾರೂ ಇರುವುದಿಲ್ಲ. ಕಿಟಕಿಯ ಪಕ್ಕದ ಹಾಸಿಗೆ. ಹನ್ನೊಂದಕ್ಕೆ ಮಾತ್ರೆ ಕೊಡಬೇಕು, ಸಣ್ಣ ಬಿಳಿಯದು, ನೀರಿನ ಜೊತೆ. ಒಬ್ಬರೇ ನುಂಗಲಾರರು.

ಸಾಸಿವೆ


ಜೂನ್ ೧೫, ಸಂಜೆ ನಾಲ್ಕು
ವಾರ್ಡಿನಿಂದ

ಪ್ರೀತಿಯ ಸಾಸಿವೆ,

ನೀನು ಬಂದ ಮೇಲೆ ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಮಗೆ ಕಾಗದವೇ ರೂಢಿ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿನ್ನ ಚೀಟಿ ಕೈಗೆ ಬಂದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ನಿನ್ನನ್ನು ಬೈಯುತ್ತಲೇ ಮೆಟ್ಟಿಲು ಹತ್ತಿದೆ. ಬೈಗುಳದಲ್ಲಿ ಹೆದರಿಕೆ ಮರೆತೇಹೋಯಿತು, ಮೇಲೆ ಬಂದ ಮೇಲೆ ನೆನಪಾಯಿತು.

ಎಷ್ಟು ಸಣ್ಣಗಾಗಿದ್ದಾನೆ! ಸ್ಟೀರಿಂಗ್ ಹಿಡಿದರೆ ಬಸ್ಸು ತುಂಬಿದ ಹಾಗೆ ಕಾಣುತ್ತಿದ್ದವನು, ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಅನ್ನುವ ಹಾಗೆ ಮಲಗಿದ್ದ. ಕಣ್ಣು ಬಿಟ್ಟು ನನ್ನ ಬಿಳಿ ಅಂಗಿ ನೋಡಿ, "ವಾರ್ಡ್ ಬಾಯಾ? ಹಾಸಿಗೆ ಒದ್ದೆಯಾಗಿದೆಯಪ್ಪ, ಸ್ವಲ್ಪ ಬದಲಿಸಿ ಕೊಡು. ಯಾರನ್ನ ಕರೆದ್ರೂ ಬರ್ತಿಲ್ಲ" ಅಂದ. ನಾನು ಮಗನೆಂದೂ ಹೇಳಲಿಲ್ಲ, ವಾರ್ಡ್ ಬಾಯ್ ಅಲ್ಲವೆಂದೂ ಹೇಳಲಿಲ್ಲ. ಮಾತ್ರೆ ಕೊಟ್ಟೆ. ಆಯಾಳಿಂದ ಒಗೆದ ಹೊದಿಕೆ ಇಸಿದುಕೊಂಡು ಬಂದೆ.

ಎದ್ದೇಳಲಾರದವರ ಕೆಳಗಿನ ಬಟ್ಟೆ ಬದಲಿಸುವುದು ಹೇಗೆಂದು ನಿನಗೆ ಗೊತ್ತಲ್ಲ. ಒಂದು ಪಕ್ಕಕ್ಕೆ ಹೊರಳಿಸಬೇಕು, ಹಳೆಯದನ್ನು ಬೆನ್ನಿನವರೆಗೆ ಸುರುಳಿ ಸುತ್ತಬೇಕು, ಹೊಸದನ್ನು ಹಾಸಿ ಮತ್ತೆ ಈಚೆಗೆ ಹೊರಳಿಸಬೇಕು. ಹೊರಳಿಸುವಾಗ ಅವರ ಕೈಯನ್ನು ನಮ್ಮ ಕತ್ತಿನ ಸುತ್ತ ಹಾಕಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಹಾಕಿಕೊಂಡೆ. ಕಾಲು ಅಲುಗದ ಹಾಗೆ ದಿಂಬು ಕೊಟ್ಟೆ. ಆ ನೋವಿನಲ್ಲೂ ಅವನು ಉಸಿರು ಬಿಗಿಹಿಡಿದು ನನಗೆ ಅನುಕೂಲ ಮಾಡಿಕೊಟ್ಟ. ನಾಲ್ಕು ಮೂಲೆ ಎಳೆದು ಮಡಿಚಿ ಸಿಕ್ಕಿಸಿದೆ, ಒಂದು ಸುಕ್ಕಿಲ್ಲದಂತೆ. ಹಡಗಿನ ದೊಡ್ಡ ಕೋಣೆಗಳಿಗೆ ಹಾಕುವ ಮಡಿಕೆ ಅದು.

"ಇಷ್ಟು ನೀಟಾಗಿ ಯಾರೂ ಹಾಸಿರಲಿಲ್ಲ" ಅಂದ. ಆಮೇಲೆ, "ಕೈ ಮಾತ್ರ ನಿಮ್ಮಮ್ಮನದೇ ಕಣೋ. ಕಿರುಬೆರಳು ಸೊಟ್ಟ" ಅಂದ.

ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ಗೊತ್ತಿತ್ತಾ?" ಅಂದೆ.

"ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತು."

"ಮತ್ತೆ ವಾರ್ಡ್ ಬಾಯ್ ಅಂದಿದ್ಯಾಕೆ?"

"ಮಗನೇ ಅಂದ್ರೆ ನೀನು ಓಡಿಹೋಗ್ತಿದ್ದೆ. ಕೆಲಸ ಹೇಳಿದ್ರೆ ನಿಲ್ತೀಯ ಅಂತ."

"ಓಡಿಹೋಗೋದು ನಿನ್ನ ಕೆಲಸ, ನನ್ನದಲ್ಲ" ಅಂದೆ. ಬಾಯಿಂದ ಬಂದೇಬಿಟ್ಟಿತು. ಬೆಳಿಗ್ಗೆಯಿಡೀ ಕ್ಯಾಂಟೀನಿನಲ್ಲಿ ಕೂತವನು ನಾನು, ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವನು ನಕ್ಕ. ನಗುವಾಗ ಕಾಲು ನೋವಾಗಿ ಒಂದು ಕೆಟ್ಟ ಬೈಗುಳ ಬೈದ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

ಆಮೇಲೆ ನಾವು ಅಮ್ಮನ ವಿಷಯ ಮಾತಾಡಿದೆವು. ತುಂಬ ಅಲ್ಲ, ಸ್ವಲ್ಪ. ಖಾಕಿ ಅಂಗಿಯವನು ಬಂದದ್ದನ್ನು ನಾನೇ ಹೇಳಿದೆ. ಕಾಗದದಲ್ಲಿ ಓದಿದ್ದ. ಆದರೂ ಮೊದಲ ಸಲ ಕೇಳುವವನ ಹಾಗೆ ಕೊನೆಯವರೆಗೂ ಕೇಳಿದ, ಮುಖ ತಿರುಗಿಸಲಿಲ್ಲ. ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಎದ್ದು ಹೋಗುತ್ತಿದ್ದೆನೇನೋ.

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗಿಲ್ಲ, ಆಗುತ್ತದೋ ಗೊತ್ತಿಲ್ಲ. ಆದರೆ ಡಾಕ್ಟರು ಬಂದು "ನೀವು ಯಾರು?" ಎಂದು ಕೇಳಿದಾಗ "ಮಗ" ಅಂದೆ. ಎದೆ ಗಟ್ಟಿಯಿದೆ, ಗಂಡಾಂತರ ಕಳೆದ ಹಾಗೆ, ಹತ್ತು ದಿನದಲ್ಲಿ ಮನೆಗೆ ಕರೆದುಕೊಂಡು ಹೋಗಬಹುದು ಅಂದರು. ಯಾವ ಮನೆಗೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಊರುಗೋಲು ಹಿಡಿದು ನಡೆಯಲು ನಮ್ಮ ಹಜಾರ ಸಾಲುವುದಿಲ್ಲ. ಮಂಚವನ್ನು ಗೋಡೆಗೆ ಸರಿಸಬೇಕು.

ನಿನಗೆ ಬರೆದ ಆ ಕೆಟ್ಟ ಕಾಗದವನ್ನು ತೆಗೆದಿಡು, ಓದಬೇಕಲ್ಲ. ಇವತ್ತು ಬೇಡ. ಇವತ್ತಿಗೆ ನನ್ನ ಪಾಲಿನದು ಆಯಿತು.

ಇಲ್ಲಿಂದ ಮುಂದೆ ಅಕ್ಷರ ಸೊಟ್ಟ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನೀರು ಕುಡಿಸಲು ತಲೆಯೆತ್ತಿ ಹಿಡಿದಿದ್ದೆ. ಕುಡಿದವನು ಹಾಗೇ ನಿದ್ದೆಹೋದ. ಬಲಗೈ ಅಪ್ಪನ ತಲೆಯ ಕೆಳಗೆ ಸಿಕ್ಕಿಕೊಂಡಿದೆ, ಜೋಮು ಹಿಡಿದಿದೆ. ಎಳೆದುಕೊಂಡರೆ ಏಳುತ್ತಾನೆ. ನೀನು ನಿಧಾನವಾಗಿಯೇ ಬಾ.